ಬನಹಟ್ಟಿಗೆ ಒಯ್ದ ಕುಬಸ

ಹಾಲಸಿದ್ದಪ್ಪ ಜಮಖಂಡಿಯ ಹೊರಗೆ ಕುರಿ ಸಾಕುವವ. ಮಾತು ಕಡಿಮೆ. ೨೦೧೭ರ ಜನವರಿಯ ಆ ಮಂಗಳವಾರ ಮಾತ್ರ ಬನಹಟ್ಟಿ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಸುದ್ದಿ ಹೇಳುತ್ತ ಹೋದ.

ಹದಿನಾಲ್ಕರ ಮಗ ಭೀಮಶಿಯ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತಿತ್ತು. ಹೊಂದುವವರ ಅಸ್ಥಿಮಜ್ಜೆಯಿಂದ ರಕ್ತ ಹುಟ್ಟಿಸುವ ಆಕರಕೋಶ ತೆಗೆದು ಹಾಕಿದರೆ ಉಳಿದಾನು ಎಂದು ಬೆಂಗಳೂರಿನ ವೈದ್ಯರು ಹೇಳಿದ್ದರು. ತಂದೆ ತಾಯಿಯದು ಅರ್ಧವಷ್ಟೇ ಹೊಂದಿತು. ಪೂರ್ತಿ ಹೊಂದಿದ್ದು ಬನಹಟ್ಟಿಗೆ ಕೊಟ್ಟ ಮಗಳು ಶೈಲಾಳದು. ದೀಪಾವಳಿಗೆ ಬಂದಾಗ ಪರೀಕ್ಷೆಗೆ ರಕ್ತ ಕೊಟ್ಟು ಹೋಗಿದ್ದಳು. ಫಲಿತಾಂಶ ಅವಳಿಗಿನ್ನೂ ತಿಳಿದಿರಲಿಲ್ಲ. ಕಸಿಯ ಖರ್ಚನ್ನು ಸರ್ಕಾರ ಕೊಡುತ್ತದೆಂಬ ಮಂಜೂರಾತಿಯೂ ಅದೇ ವಾರ ಬಂದಿತ್ತು. ಇನ್ನು ಮಗಳನ್ನು ಕರೆತರುವುದಷ್ಟೇ ಬಾಕಿ.

ಬೀಗಿತ್ತಿ ತಾಯವ್ವ ಬಾಗಿಲಲ್ಲೇ ಅವನನ್ನು ತಡೆದಳು.

"ಬಾಯಿ ತೆರೀರಿ ಬೀಗರ. ಮೊದಲ ಸಕ್ಕರಿ, ಆಮ್ಯಾಲ ಮಾತು."

"ಯಾಕ್ರಿ?"

"ಅಜ್ಜ ಆಗಾಕತ್ತೀರಿ. ಕುರಿ ಕಾದದ್ದು ಸಾಕು, ಇನ್ನ ತೊಟ್ಟಿಲಾ ಕಾಯ್ರಿ."

ಮದುವೆಯಾಗಿ ಐದು ವರ್ಷ ಆ ಮನೆ ಕಾದ ಸುದ್ದಿ ಅದು. ಪಕ್ಕದ ಮನೆಯ ಮಗ್ಗದ ಸಪ್ಪಳದಲ್ಲಿ ಹಾಲಸಿದ್ದಪ್ಪ "ಛಲೋ ಆತ್ರಿ" ಎಂದ. ಬಾಯೊಳಗಿನ ಸಕ್ಕರೆ ನುಂಗಿ ಮತ್ತೆ, "ಭಾಳ ಛಲೋ ಆತು" ಎಂದ.

ಶೈಲಾ ನೀರು ತಂದಳು. "ಅಪ್ಪಾ, ನನ್ನ ರಕ್ತ ಕೂಡೇತೇನು?"

ಚಳಿಯಲ್ಲಿ ತನ್ನ ಕಂಬಳಿಯನ್ನು ತಮ್ಮನಿಗೆ ಹೊದಿಸಿ ತಾನು ನಡುಗುತ್ತ ಮಲಗುತ್ತಿದ್ದವಳು ಅವಳು. ಹೌದೆಂದರೆ ಹೊಟ್ಟೆಯ ಕೂಸನ್ನೂ ಬೇಡವೆಂದಾಳು ಎಂದು ತಂದೆಗೆ ಗೊತ್ತಿತ್ತು.

"ಇನ್ನ ತಿಳಿದಿಲ್ಲವ್ವಾ."

ಸಂಜೆಯ ಬಸ್ಸಿಗೆ ಒಬ್ಬನೇ ತಿರುಗಿ ಬಂದ.

ಹೆರಿಗೆಯಾಗಿ ಕೆಲವು ತಿಂಗಳು ಕಳೆಯುವವರೆಗೆ ಅವಳಿಂದ ಅಸ್ಥಿಮಜ್ಜೆ ತೆಗೆಯಲಾಗದು ಎಂದು ವೈದ್ಯರು ಫೋನಿನಲ್ಲಿ ವಿವರಿಸಿದರು. ಹಾಲಸಿದ್ದಪ್ಪನಿಗೆ ವಿವರಣೆ ಬೇಕಿರಲಿಲ್ಲ. "ಗಬ್ಬದ ಕುರಿಗೆ ನಾವೂ ಕತ್ರಿ ಹಚ್ಚಂಗಿಲ್ರಿ ಸಾಹೇಬ್ರ" ಎಂದ. ಹೊರಗಿನ ದಾನಿಯನ್ನು ಹುಡುಕಬಹುದಿತ್ತು. ಆದರೆ ಅವನಿಗೆ ಸಿಕ್ಕ ನೆರವಿನಲ್ಲಿ ಆ ಖರ್ಚು ಸೇರಿರಲಿಲ್ಲ. ಅದನ್ನು ಕೇಳಲು ಬಾಗಲಕೋಟೆಯ ಕಚೇರಿಗೆ ಹೋದಾಗ ಗುಮಾಸ್ತ ಕಾಶಪ್ಪ ಕುರ್ಚಿ ಸರಿಸಿ ಕೂರಿಸಿದ.

"ಅದಕ್ಕ ಅವಕಾಶ ಇಲ್ಲೋ ಹಾಲಸಿದ್ದಪ್ಪ. ಖರೆ, ಮಂಜೂರಾದ ರೊಕ್ಕ ಎಲ್ಲೂ ಹೋಗಂಗಿಲ್ಲ. ಕಾಯತೈತಿ."

"ರೊಕ್ಕ ಕಾಯತೈತ್ರಿ. ಹುಡುಗನೂ ಕಾಯಬೇಕಲ್ರಿ."

ಕಾಶಪ್ಪ ಎರಡು ಚಹಾ ಹೇಳಿದ.

ಏಳನೇ ತಿಂಗಳಿಗೆ ಕುಬಸದ ಶಾಸ್ತ್ರ ಬಂತು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಕುಬಸ ಒಯ್ದು ಉಡಿ ತುಂಬಲೇಬೇಕು. ತಾಯಿ ಸೋಮವ್ವ ಸೀರೆ ತಂದಳು. ಭೀಮಶಿ ತಾನೂ ಬರುತ್ತೇನೆಂದು ಹಟ ಹಿಡಿದ. ಮುಖದಲ್ಲಿ ಬಣ್ಣ ಇರಲೆಂದು ಹಿಂದಿನ ದಿನವೇ ಅವನಿಗೆ ರಕ್ತ ಹಾಕಿಸಿದರು. ಗುಳಿಗೆಯಲ್ಲೇ ಗುಣವಾಗುತ್ತಿದೆ ಎಂದು ಶೈಲಾಳಿಗೆ ಹೇಳಿಟ್ಟಿದ್ದರು.

ಬನಹಟ್ಟಿಯಲ್ಲಿ ಶೈಲಾ ತಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡಳು.

"ಲೇ ಭೀಮ್ಯಾ, ಮಾರಿ ಕೆಂಪಗಾಗೇತಲ್ಲೋ. ಆರಾಮ ಆದಿಯೇನು?"

"ಆರಾಮ ಅದೇನಿ. ಸೂಟಿ ಮುಗಿದ ಮ್ಯಾಲ ಸಾಲಿ ತಪ್ಪಸಾಕ ಈಗಿಂದನ ನೆವ ಹುಡುಕಾಕತ್ತೇನಿ."

ಹೆಂಗಸರು ನಕ್ಕರು. ಸೋಮವ್ವ ಉಡಿಗೆ ಅಕ್ಕಿ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ಮೇ ತಿಂಗಳ ಬಿಸಿಲು. ಭೀಮಶಿ ತುಂಬುತೋಳಿನ ಅಂಗಿ ತೊಟ್ಟಿದ್ದ. "ಬೆವರಾಕತ್ತಿ, ತೋಳರ ಮಡಚೋ" ಎಂದು ತಾಯವ್ವ ಎರಡು ಸಲ ಹೇಳಿದಳು. ಮೊಣಕೈತನಕ ಸೂಜಿಯ ನೀಲಿ ಕಲೆಗಳಿದ್ದವು. ಅವನು ಮಣಿಕಟ್ಟಿನ ಗುಂಡಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡು, ಅಕ್ಕನ ಪಾಲಿನ ಹೋಳಿಗೆ ತಿಂದ.