ಗೋಡೆಯ ಮೇಲಿನ ಕುರಿಗಾಹಿಗಳು

ಕಳೆದ ಶನಿವಾರ ಪರದೆ ಬಟ್ಟೆ ಕೊಳ್ಳಲು ಹೆಂಡತಿಯೊಂದಿಗೆ ಸಿಡ್ನಿಯ ಪ್ಯಾರಮಟ್ಟಾಕ್ಕೆ ಹೋಗಿದ್ದೆ. ವಾರವಿಡೀ ನಾರ್ವೆಸ್ಟ್‌ನ ಆಫೀಸಿನಲ್ಲಿ ಮೀಟಿಂಗುಗಳಿಗೆ ತಲೆಯಾಡಿಸಿ ಬಂದವನಿಗೆ ಬಟ್ಟೆಗೂ ತಲೆಯಾಡಿಸುವುದು ಕಷ್ಟವೇನಲ್ಲ. ಆದರೆ ಅವಳು ಬಿಚ್ಚಿ ಹಿಡಿದ ಒಂದು ಬಟ್ಟೆಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಬಿಳಿಯ ಮೇಲೆ ನೀಲಿ ಗೆರೆಗಳ ಹಳ್ಳಿ: ಮರದಡಿ ಕೊಳಲೂದುವ ಕುರಿಗಾಹಿ, ರಿಬ್ಬನ್ ಟೋಪಿಯ ಹುಡುಗಿ, ಈಗಷ್ಟೇ ಮೀಯಿಸಿದಂಥ ಕುರಿಗಳು. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಸಿರಿವಂತರು ತಮ್ಮ ಗೋಡೆಗಳಿಗೆ ಬರೆಸಿಕೊಳ್ಳುತ್ತಿದ್ದ ಮಾದರಿಯಂತೆ. ಅಲ್ಲಿ ಯಾರ ಕಾಲಿಗೂ ಕೆಸರು ಹತ್ತಿಲ್ಲ.

"ಈ ಜನ ನನಗೆ ಗೊತ್ತು" ಎಂದೆ.

"ನಿಮಗ ಗೊತ್ತಿಲ್ಲದವ್ರು ಯಾರದಾರ್ರೀ?" ಎಂದಳು ಧಾರವಾಡದ ನನ್ನಾಕೆ.

ನಿಜವಾಗಿಯೂ ಗೊತ್ತಿತ್ತು. ಮದುವೆಗೆ ಮೊದಲು ಮೆಲ್ಬರ್ನ್‌ನಲ್ಲಿ ನಾನು ಮಂಗಳೂರಿನ ಸೆವ್ರಿನ್ ಆಂಟಿಯ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಹಿಂದಿನ ಮಾಲೀಕರು ಅಂಟಿಸಿದ್ದ ಇಂಥದೇ ಚಿತ್ರದ ಕಾಗದ ಅಲ್ಲಿ ಊಟದ ಕೋಣೆಯ ಗೋಡೆ ತುಂಬ ಇತ್ತು. ಆಂಟಿಯ ಗಂಡ ಜೆರೋಮ್ ಅಂಕಲ್‌ಗೆ ಮರೆವಿನ ಕಾಯಿಲೆ. ಹೋಟೆಲಿನ ಒಲೆಗಳ ಮುಂದೆ ಆಯುಷ್ಯ ಕಳೆದಿದ್ದ ಮನುಷ್ಯ ಈಗ ದಿನವೆಲ್ಲ ಆ ಗೋಡೆಯ ಮುಂದೆ ಕೂರುತ್ತಿದ್ದರು.

"ಬೆಳಗ್ಗಿನಿಂದ ಪೀಪಿ ಊದುವುದೇ! ಇವನಿಗೆ ಡ್ಯೂಟಿ ಇಲ್ವಾ ಮಾರಾಯ?"

"ರಜೆಯಲ್ಲಿದ್ದಾನೆ ಅಂಕಲ್" ಎನ್ನುತ್ತಿದ್ದೆ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ.

ಆಂಟಿಗೆ ಮಾತ್ರ ರಜೆಯಿರಲಿಲ್ಲ. ಮೀಯಿಸುವುದು, ಉಣಿಸುವುದು, ನಿದ್ದೆಗೆಟ್ಟು ಕಾಯುವುದು ಎಲ್ಲ ಅವರೊಬ್ಬರೇ. ನರ್ಸಿಂಗ್ ಹೋಮಿಗೆ ಸೇರಿಸಿ ಎಂದು ಡಾಕ್ಟರು ಹೇಳಿದಾಗೆಲ್ಲ, "ನನಗೆ ಕೈಕಾಲು ಉಂಟಲ್ಲ" ಎಂದು ಮಾತು ಮುಗಿಸುತ್ತಿದ್ದರು.

ಒಂದು ಮಧ್ಯಾಹ್ನ ಆಂಟಿಗೆ ಕೂತಲ್ಲೇ ಜೊಂಪು ಹತ್ತಿದಾಗ ಅಂಕಲ್ ಬಾಗಿಲು ತೆರೆದು ಹೊರಟುಹೋದರು. ನಾವಿಬ್ಬರೂ ಬೀದಿಬೀದಿ ಅಲೆದೆವು. ಕೊನೆಗೆ ಹಳ್ಳದ ಪಕ್ಕದ ಪಾರ್ಕಿನಲ್ಲಿ ಕಂಡರು. ಒದ್ದೆ ಹುಲ್ಲಿನ ಮೇಲೆ, ಬರಿಗಾಲಲ್ಲಿ, ಮರಕ್ಕೊರಗಿ ನೆಮ್ಮದಿಯಾಗಿ ಕೂತಿದ್ದರು. ಆಂಟಿ ಬೈಯಲು ಬಾಯಿ ತೆರೆದರು. ಬೈಯುವಷ್ಟು ಉಸಿರೇ ಇರಲಿಲ್ಲ.

ಹೆಂಡತಿಯೊಡನೆ ಯಾವತ್ತೂ ಕೊಂಕಣಿಯಲ್ಲೇ ಮಾತಾಡುತ್ತಿದ್ದ ಅಂಕಲ್ ಅಂದು ಕನ್ನಡದಲ್ಲಿ, ಹೊರಗಿನವರಿಗೆ ಹೇಳುವಂತೆ ಹೇಳಿದರು: "ನೀವು ಯಾರ ಮನೆಯವರು? ತುಂಬ ಸುಸ್ತಾಗಿದ್ದೀರಿ. ಸ್ವಲ್ಪ ಕೂತ್ಕೊಳ್ಳಿ. ಇಲ್ಲಿ ಯಾರೂ ಎಂತದೂ ಹೇಳುವುದಿಲ್ಲ."

ಪಕ್ಕಕ್ಕೆ ಸರಿದು ಜಾಗವನ್ನೂ ಕೊಟ್ಟರು.

ಆಂಟಿ ಕೂತರು. ಜಾಕೆಟ್ಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಮನೆಗೆ ಬಂದ ಮೇಲೆ ನನ್ನನ್ನು ಕರೆದು, "ನನ್ನನ್ನು ಮರೆತಿದ್ದಾರೆ. ನನ್ನ ಸುಸ್ತು ಮಾತ್ರ ಅವರಿಗೆ ಕಾಣ್ತದೆ ನೋಡು. ಡಾಕ್ಟರಿಗೆ ಫೋನ್ ಮಾಡಿಕೊಡು" ಎಂದರು.

ಅಂಕಲ್ ಕೊನೆಯ ತನಕ ನರ್ಸಿಂಗ್ ಹೋಮಿನಲ್ಲಿದ್ದರು. ಆಂಟಿ ದಿನವೂ ಹೋಗುತ್ತಿದ್ದರು. ಅಂಕಲ್ ದಿನವೂ ಹೊಸ ಅತಿಥಿಗೆ ತೋರಿಸುವಂತೆ ಕುರ್ಚಿ ತೋರಿಸುತ್ತಿದ್ದರು.

ಆ ಚಿತ್ರಗಳ ಸುಳ್ಳಿಗೆ ಆಗ ನಾನು ನಗುತ್ತಿದ್ದೆ. ಈಗ ನನಗೂ ವಯಸ್ಸಾಗಿದೆ. ಅಂಥ ಸುಳ್ಳು ಬರೆದವನು ಎಷ್ಟು ದಣಿದಿದ್ದನೋ ಅನ್ನಿಸುತ್ತದೆ.

ಹೆಂಡತಿ ಬೇರೆ ಬಟ್ಟೆ ಆರಿಸಿದಳು. ಅವಳು ಬಿಲ್ ಮಾಡಿಸುವಷ್ಟರಲ್ಲಿ ನಾನು ಹೊರಗೆ ಬಂದು ಆಂಟಿಗೆ ಫೋನ್ ಮಾಡಿದೆ. ಎಷ್ಟೋ ಹೊತ್ತಿಗೆ ಎತ್ತಿದರು.

"ಏನು ಮಾಡ್ತಿದ್ರಿ ಆಂಟಿ?"

"ಮಲಗಿದ್ದೆ ಮಾರಾಯ, ನೀನು ಎಬ್ಬಿಸಿದೆ."

"ಅಯ್ಯೋ, ಸಾರಿ ಆಂಟಿ."

"ಎಂತ ಸಾರಿ? ಇನ್ನೊಮ್ಮೆ ಮಲಗ್ತೇನೆ" ಎಂದು ನಕ್ಕರು.