ದಕ್ಷಿಣ ಸಾಗರದ ಗೊಬ್ಬರ

ಲಕಮನಹಳ್ಳಿಯ ನೀಲಾಗೆ ಥಂಡಿ ಆಗಿಬರುವುದಿಲ್ಲ. ಧಾರವಾಡದ ಮಂದಿ ಇನ್ನೂ ಫ್ಯಾನು ಹಚ್ಚಿಕೊಂಡು ಮಲಗುವ ದಿನಗಳಲ್ಲೇ ಅವಳ ಸ್ವೆಟರು ಟ್ರಂಕಿನಿಂದ ಹೊರಬಿದ್ದಿರುತ್ತದೆ. ದೀಪಾವಳಿ ಮುಗಿಯಿತೆಂದರೆ ತಲೆಗೆ ಕಿವಿ ಮುಚ್ಚುವ ಟೊಪ್ಪಿಗೆ, ಕಾಲಿಗೆ ಗಂಡನ ಕಾಲುಚೀಲ. ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವ ಈ ಮೇಡಂ ಪ್ರಯೋಗಾಲಯದ ಫ್ರಿಜ್ಜಿನ ಬಾಗಿಲು ತೆರೆಯುವ ಮುಂಚೆ ಸೆರಗು ಹೊದ್ದುಕೊಳ್ಳುತ್ತಾಳೆಂದು ವಿದ್ಯಾರ್ಥಿಗಳು ಆಡಿಕೊಳ್ಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ.

ಇನ್ನೊಂದು, ಅವಳು ಎಲ್ಲದರಲ್ಲೂ ಸಾವಕಾಶ. ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತನಾಗಿರುವ ಗಂಡ ಶಶಿಕುಮಾರ ಬಂದವರ ಮುಂದೆಲ್ಲ ಹೇಳುತ್ತಾನೆ: "ಇಕಿ ಚಹಾಕ್ಕ ಇಟ್ಟಳು ಅಂದ್ರ, ಹುಬ್ಬಳ್ಳಿಗೆ ಹೋಗಿ ಕೆಲಸ ಮುಗಿಸಿಕೊಂಡು ಬರ್ರಿ. ಕುಡಿಯಾಕ ಬರೋಬ್ಬರಿ ಆಗತೈತಿ." ನೀಲಾಗೆ ಇದಕ್ಕೆ ಉತ್ತರ ಹೊಳೆಯುವ ಹೊತ್ತಿಗೆ ಬಂದವರು ಎದ್ದು ಹೋಗಿರುತ್ತಾರೆ.

ಅವಳ ಅಧ್ಯಯನವೆಲ್ಲ ಹತ್ತಿರದ ಹಳ್ಳಿ ಹೆಬ್ಬಳ್ಳಿಯ ಕರಿಮಣ್ಣಿನದು. ಹೊಲಕ್ಕೆ ಹಾಕಿದ ಗೊಬ್ಬರ ಕೊಳೆತು ಅಮೋನಿಯಾ ಆಗುತ್ತದೆ. ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಬೆಳೆ ಅದನ್ನು ಹೀರುತ್ತದೆ. ಎಷ್ಟು ಅಮೋನಿಯಾ ಎಷ್ಟು ಹೊತ್ತಿನಲ್ಲಿ ನೈಟ್ರೇಟ್ ಆಯಿತೆಂದು ಅಳೆಯುವುದರಲ್ಲಿ ಅವಳ ಕೈ ಪಳಗಿತ್ತು. ಆ ಕೈಯನ್ನು ನೆನಪಿಟ್ಟುಕೊಂಡಿದ್ದವಳು ಗೋವಾದಲ್ಲಿ ಸಮುದ್ರ ವಿಜ್ಞಾನಿಯಾಗಿದ್ದ ಸುಕನ್ಯಾ, ಓದುವಾಗ ಒಂದೇ ಖೋಲಿಯಲ್ಲಿದ್ದ ಗೆಳತಿ.

ಒಂದು ಮಧ್ಯಾಹ್ನ ಸುಕನ್ಯಾಳ ಫೋನು ಬಂತು.

"ಲೇ ನೀಲಾ, ನಮ್ಮ ತಂಡದಾಗಿನ ಒಬ್ಬಾಕಿ ಬಸುರಿ ಆಗ್ಯಾಳ, ಹಡಗ ಹತ್ತಂಗಿಲ್ಲ. ಆಕಿ ಬದಲಿ ನೀ ಬರ್ತಿಯೇನ?"

"ಎಲ್ಲಿಗೆ?"

"ದಕ್ಷಿಣ ಸಾಗರಕ್ಕ."

ನೀಲಾ ಹೂಂ ಅಂದುಬಿಟ್ಟಳು. ಅವಳು ಕನ್ಯಾಕುಮಾರಿ ಅಂತ ತಿಳಿದು ಹೂಂ ಅಂದಳೆಂದು ಶಶಿಕುಮಾರ ಇವತ್ತಿಗೂ ವಾದಿಸುತ್ತಾನೆ. ಅಂಟಾರ್ಕ್ಟಿಕಾದ ಸುತ್ತಲಿನ ಮಂಜಿನ ಸಮುದ್ರವೆಂದು ತನಗೆ ಚೆನ್ನಾಗಿ ಗೊತ್ತಿತ್ತು ಎನ್ನುತ್ತಾಳೆ ನೀಲಾ. ಹಾಗಿದ್ದರೆ ಫೋನು ಇಟ್ಟ ಮೇಲೆ ಗೋಡೆಯ ನಕಾಶೆಯ ಮುಂದೆ ಅಷ್ಟು ಹೊತ್ತು ಯಾಕೆ ನಿಂತಿದ್ದೆ ಎಂದು ಅವನು ಕೇಳುತ್ತಾನೆ.

"ಕೆಲಗೇರಿ ಕೆರಿ ದಂಡಿಗೆ ಕುಂತ್ರ ನಿನಗ ನೆಗಡಿ ಬರತೈತಿ," ಅಂದ ಶಶಿಕುಮಾರ. "ಅಲ್ಲಿ ಹೆಂಗ ಮಾಡ್ತಿ?"

ಅತ್ತೆ ಕಸ್ತೂರೆವ್ವನ ತಕರಾರು ಬೇರೆಯೇ ಇತ್ತು. ಅವಳು ಬುದ್ಧನ ಪಟದ ಕೆಳಗೆ ಗೋಡೆಗೆ ಆತು ಮೆಂತ್ಯೆಸೊಪ್ಪು ಸೋಸುತ್ತ ಕುಳಿತಿದ್ದಳು.

"ಅಲ್ಲಿ ಏನ ಐತಿ ಅಂತ ಹೊಂಟಿ, ಯವ್ವಾ?"

"ನೀರ ಐತ್ರಿ, ಅತ್ತಿ."

"ನೀರ ಇಲ್ಲೂ ಬರತೈತಿ. ವಾರಕ್ಕೊಮ್ಮೆ ಬರತೈತಿ, ಖರೆ ಬರತೈತಿ."

ನೀಲಾ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿದಳು. "ಸಮುದ್ರದಾಗ ಮೀನ, ಸೀಗಡಿ ಹೊಲಸ ಮಾಡ್ತಾವಲ್ರಿ. ಸತ್ತದ್ದು ಕೊಳಿತೈತಿ. ಅದರಾಗಿನ ಅಮೋನಿಯಾನ್ನ ಸಣ್ಣ ಜೀವಿ ನೈಟ್ರೇಟ್ ಮಾಡ್ತಾವು. ಬಿಸಲು ಬಿದ್ದಾಗ ನೀರಾಗಿನ ಸಣ್ಣ ಸಣ್ಣ ಪಾಚಿ ಅದನ್ನ ಹೀರಿ ಬೆಳಿತಾವು. ಪಾಚಿನ್ನ ಸೀಗಡಿ ತಿಂತಾವು, ಸೀಗಡಿನ್ನ ತಿಮಿಂಗಲ ತಿಂತಾವು."

"ಅಂದ್ರ ತಿಪ್ಪಿ."

"ಒಂದ ನಮೂನಿ ತಿಪ್ಪೀನ ಅನ್ರಿ."

"ತಿಪ್ಪಿ ನೋಡಾಕ ಹಡಗ ಹತ್ತಬೇಕೇನ? ಹೆಬ್ಬಳ್ಳ್ಯಾಗ ನನ್ನ ತವರಮನಿ ಹಿತ್ತಲದಾಗ ಐತಿ. ಬಸ್ಸಿಗೆ ಹೋಗಿ ಬಾ. ಹೆಣಮಕ್ಕಳಿಗೆ ಪುಕ್ಕಟ."

ಆದರೂ ಮರುದಿನದಿಂದ ಕಡಕ್ ರೊಟ್ಟಿ ಬಡಿಯಲು ಶುರುಮಾಡಿದವಳು ಅವಳೇ.

ಹೊರಡುವ ಮೊದಲು ನೀಲಾಗೆ ಒಂದು ಕೆಲಸ ಉಳಿದಿತ್ತು. ಅಮೋನಿಯಾ ತಿನ್ನುವ ಈ ಜೀವಿಗಳು ಬೆಳಕು ಕಂಡರೆ ಕೈ ಕಟ್ಟಿ ಕೂರುತ್ತವೆ. ಹಡಗು ಹೋಗುವ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವ ಹೆಸರೇ ಎತ್ತುವುದಿಲ್ಲ. ನೀರಿನ ಬಾಟಲಿಗಳಿಗೆ ಬೆಳಕು ತಾಗದಂಥ ಚೀಲ ಬೇಕಿತ್ತು. ಅವಳು ಓಣಿಯ ಟೇಲರ್ ಗುಲ್ಜಾರಬಿಯ ಕಡೆ ಹೋದಳು.

"ಕರೇ ಅರಬಿ, ಡಬಲ್ ಅಸ್ತರ, ಮ್ಯಾಲೆ ಲಾಡಿ ಇರಲಿ, ಆಪಾ," ಅಂದು ನೀಲಾ ಕರಿಯ ಬಟ್ಟೆಯ ಜೊತೆ ಒಂದು ಬಾಟಲಿ ಮುಂದಿಟ್ಟಳು.

ಗುಲ್ಜಾರಬಿ ಬಾಟಲಿಗೆ ಟೇಪು ಸುತ್ತಿ ಅಳತೆ ತೆಗೆದುಕೊಂಡಳು. "ಸೊಂಟಾನೂ ಅಷ್ಟ, ಎದೀನೂ ಅಷ್ಟ. ಬಾಟಲಿಗೆ ಪೆಟಿಕೋಟ್ ಹೊಲಿಸಾಕ ಬಂದವರು ನೀವ ಮೊದಲನೇದವರು ನೋಡ್ರಿ, ಮೇಡಂ. ಕೆಳಗ ಫಾಲ್ ಹಚ್ಚಲೇನ್ರಿ?"

ಮಾರಿಷಸ್‌ನಿಂದ ಹಡಗು ಹೊರಟಿತು. ದಕ್ಷಿಣಕ್ಕೆ ಇಳಿದಂತೆ ಗಾಳಿ ಜೋರಾಗುತ್ತದೆ, ಆಗ ಹೊಟ್ಟೆ ತೊಳಸುತ್ತದೆ ಎಂದು ಸುಕನ್ಯಾ ಎಚ್ಚರಿಸಿದ್ದಳು. ನೀಲಾ ಗಾಳಿಗಾಗಿ ಕಾಯಲಿಲ್ಲ. ಬಂದರು ಕಣ್ಣಿಗೆ ಕಾಣುತ್ತಿರುವಾಗಲೇ ಮಲಗಿಬಿಟ್ಟಳು. ಅಡಿಗೆಯವರು ಕಳಿಸಿದ್ದೆಲ್ಲ ವಾಪಸು ಹೋಯಿತು. ಹೊಟ್ಟೆಯಲ್ಲಿ ನಿಂತದ್ದು ಅತ್ತೆಯ ರೊಟ್ಟಿ, ಶೇಂಗಾ ಚಟ್ನಿಪುಡಿ ಅಷ್ಟೇ. ಆರೋಗ್ಯ ವಿಚಾರಿಸಲು ಬರುತ್ತಿದ್ದ ಸುಕನ್ಯಾ ಪ್ರತಿ ಸಲವೂ ಒಂದು ರೊಟ್ಟಿ ಮುರಿದುಕೊಂಡೇ ಹೋಗುತ್ತಿದ್ದಳು. ಸಂಜೆಗೆ ಮೂರು ಸಲ ಬಂದು ವಿಚಾರಿಸುವಷ್ಟು ಅವಳ ಕಾಳಜಿ ಬೆಳೆಯಿತು.

ಮನೆಯಿಂದ ಉಪಗ್ರಹದ ಮೂಲಕ ಒಂದು ಸಂದೇಶ ಬಂತು. ನೀಲಾ ಗಡಬಡಿಸಿ ಎದ್ದು ಕೂತು ಓದಿದಳು. "ಚಹಾಪುಡಿ ಯಾವ ಡಬ್ಬ್ಯಾಗ ಐತಿ?"

ಮೊದಲ ಮಂಜಿನ ಗುಡ್ಡ ಕಂಡ ದಿನ ಅವಳು ಮೂರು ಸ್ವೆಟರಿನ ಮೇಲೆ ಹಡಗಿನವರು ಕೊಟ್ಟ ದಪ್ಪ ಕೋಟು ಹಾಕಿಕೊಂಡು, ಉರುಳಿಸಿದರೆ ಉರುಳುವ ಹಾಗೆ ಡೆಕ್ಕಿಗೆ ಬಂದಳು. ನಡುವೆ ನೀಲಿ ಗೀರುಗಳಿದ್ದ ಬಿಳಿಯ ಗುಡ್ಡವೊಂದು ಸದ್ದಿಲ್ಲದೆ ತೇಲಿ ಹೋಗುತ್ತಿತ್ತು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನೀಲಾಗೆ ಯಾಕೋ ಸತ್ತುಹೋದ ಮಾವ ಹುಲಗಪ್ಪ ಮಾಸ್ತರು ನೆನಪಾದರು. ಸಮುದ್ರವನ್ನೇ ಕಾಣದೆ ಜೀವನವಿಡೀ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟ ಮನುಷ್ಯ. ಅವರಿಗೆ ತೋರಿಸಬೇಕಿತ್ತು ಅನಿಸಿ ಕಣ್ಣು ತುಂಬಿದವು. ಗಾಳಿಗೆ ಎಲ್ಲರ ಕಣ್ಣಲ್ಲೂ ನೀರಿತ್ತು, ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ಅಲ್ಲಿಂದ ಕೆಲಸ. ಉದ್ದನೆಯ ಕೊಳವೆಗಳ ಚೌಕಟ್ಟನ್ನು ಬೇಕಾದ ಆಳಕ್ಕೆ ಇಳಿಸಿ ನೀರು ತರುತ್ತಿದ್ದರು. ಬಿಸಿಲು ಮುಟ್ಟುವ ಪದರಿನ ಕೆಳಗಿನ ಮಬ್ಬು ನೀರು ನೀಲಾಳ ಪಾಲಿನದು. ಅದನ್ನು ಬಾಟಲಿಗೆ ತುಂಬಿ, ಅದಕ್ಕೆ ಚೂರೇ ಚೂರು ಗುರುತಿನ ಅಮೋನಿಯಾ ಹಾಕುತ್ತಿದ್ದಳು. ಅದರಲ್ಲಿನ ಸಾರಜನಕ ಸಾಮಾನ್ಯದ್ದಕ್ಕಿಂತ ಒಂದು ತೂಕ ಭಾರ. ಕುರಿಗೆ ಬಣ್ಣ ಬಳಿದು ಹಿಂಡಿಗೆ ಬಿಟ್ಟ ಹಾಗೆ. ಮುಂದೆ ನೈಟ್ರೇಟಿನಲ್ಲಿ ಆ ಭಾರದ ಸಾರಜನಕ ಸಿಕ್ಕರೆ, ಒಳಗಿನ ಜೀವಿಗಳು ಕೆಲಸ ಮಾಡಿದವೆಂದು ಲೆಕ್ಕ. ಕೆಲವು ಬಾಟಲಿಗಳಿಗೆ ವಿಷ ಹಾಕಿ ಜೀವಿಗಳನ್ನು ಮೊದಲೇ ಕೊಂದಿರುತ್ತಾರೆ, ಹೋಲಿಸಿ ನೋಡಲು. ಎಲ್ಲಕ್ಕೂ ಗುಲ್ಜಾರಬಿಯ ಪೆಟಿಕೋಟು ತೊಡಿಸಿ, ಡೆಕ್ಕಿನ ಮೇಲೆ ಸಮುದ್ರದ ನೀರೇ ಹರಿಯುವ ತೊಟ್ಟಿಯಲ್ಲಿ ಮುಳುಗಿಸಿ ಕಟ್ಟಿಡುವುದು. ಒಂದು ದಿನವಾದ ಮೇಲೆ ತೆಗೆದು, ಸೋಸಿ, ಆ ನೀರನ್ನು ಗಟ್ಟಿ ಹೆಪ್ಪುಗಟ್ಟಿಸಿ ಇಡುವುದು.

ಕೆಲವು ಜಾಗಗಳ ನೀರು ಹೀಗೆ ಮುಗಿಯಿತು. ಆಮೇಲೆ, ಬಾಟಲಿಗಳು ತೊಟ್ಟಿಯಲ್ಲಿರುವಾಗಲೇ ಬಿರುಗಾಳಿ ಎದ್ದಿತು. ಕಪ್ತಾನ ಡೆಕ್ಕಿನ ಬಾಗಿಲು ಹಾಕಿಸಿದ.

ನೀಲಾ ಗೋಡೆ ಹಿಡಿದು ಹಿಡಿದು ಅವನ ಬಳಿ ಹೋದಳು. ಐದೇ ನಿಮಿಷ ಬಿಟ್ಟರೆ ತರುತ್ತೇನೆ ಅಂದಳು. ಸುಕನ್ಯಾ ಹಿಂದಿನಿಂದ, "ಇಕಿ ಐದ ನಿಮಿಷ ಅಂದ್ರ ನಾವು ಗೋವಾ ಮುಟ್ಟತೇವಿ" ಎಂದು ಗೊಣಗಿದಳು. ಕಪ್ತಾನ ಹೊರಗೆ ಬೆರಳು ಮಾಡಿ ತೋರಿಸಿದ. ಡೆಕ್ಕಿನ ಮೇಲೆ ಒಂದು ತೆರೆ ಹತ್ತಿ, ಆ ಬದಿಯಿಂದ ಇಳಿದು ಹೋಗುತ್ತಿತ್ತು. ಬಾಟಲಿ ಹೋದರೆ ಬೇರೆ ಬಾಟಲಿ ಸಿಗುತ್ತವೆ, ಮೇಡಂ, ಎಂದಷ್ಟೇ ಹೇಳಿದ.

ಒಂದು ದಿನದ ಪ್ರಯೋಗ ವಾರ ಮುಟ್ಟುತ್ತ ಬಂತು. ನೀಲಾ ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಇಷ್ಟು ದೂರ ಬಂದು, ಇಷ್ಟು ವಾಂತಿ ಮಾಡಿಕೊಂಡು, ಕೈಗೆ ಬರುವುದು ಖಾಲಿ ತೊಟ್ಟಿ. ಊರಿಗೆ ಹೋಗಿ ಅತ್ತೆಯ ಮುಂದೆ ಏನು ಹೇಳುವುದು ಎಂಬ ಚಿಂತೆ ಬೇರೆ.

ಗಾಳಿ ಇಳಿದು ಬಾಗಿಲು ತೆರೆದಾಗ ಅವಳು ಎಲ್ಲರಿಗಿಂತ ಮೊದಲು ಹೊರಗೆ ಬಂದಳು. ಅವಳ ಜೀವನದಲ್ಲಿ ಅದು ಅಪರೂಪ. ತೊಟ್ಟಿಯಲ್ಲಿ ಕರಿಯ ಚೀಲಗಳು ಸಾಲಾಗಿ ಕುಳಿತಿದ್ದವು, ಒಂದೂ ಹೋಗಿರಲಿಲ್ಲ. ಲಾಡಿಯ ಗಂಟುಗಳು ಎಷ್ಟು ಬಿಗಿದಿದ್ದವೆಂದರೆ ಕತ್ತರಿಯಲ್ಲಿ ಕತ್ತರಿಸಬೇಕಾಯಿತು.

"ಚೆಲ್ಲಿಬಿಡ," ಅಂದಳು ಸುಕನ್ಯಾ. "ಒಂದ ದಿನದ್ದು ಇಷ್ಟ ದಿನ ಕುಂತಾವು. ಯಾರೂ ಒಪ್ಪೂದಿಲ್ಲ. ಹೊಸಾ ನೀರ ತುಂಬೋಣು."

"ಚೆಲ್ಲೂದು ಯಾವಾಗರೆ ಚೆಲ್ಲಬಹುದಲ್ಲ," ಅಂದಳು ನೀಲಾ. "ಈಗ ಸೋಸಿ ಇಡ್ತೇನಿ. ತಡಾ ಆಗೇತಿ ಅಂತ ಮ್ಯಾಲ ಬರೀತೇನಿ."

ಸುಕನ್ಯಾ ಕೈಮುಗಿದು ಊಟಕ್ಕೆ ಹೋದಳು. ನೀಲಾ ಒಂದೊಂದೇ ಬಾಟಲಿ ಸೋಸಿ ಮುಗಿಸುವ ಹೊತ್ತಿಗೆ ರಾತ್ರಿಯ ಊಟವೂ ಆಗಿತ್ತು.

ನೀರನ್ನು ಪರೀಕ್ಷಿಸುವ ಯಂತ್ರ ಇದ್ದದ್ದು ಬೇರೆ ಊರಿನಲ್ಲಿ. ನೀಲಾ ಧಾರವಾಡಕ್ಕೆ ಬಂದು, ಪಾಠ ಶುರುಮಾಡಿ, ಬೇಸಿಗೆ ಕಳೆದ ಮೇಲೆ ಮೊದಲ ಫಲಿತಾಂಶ ಬಂತು. ಒಂದು ದಿನದ ಬಾಟಲಿಗಳಲ್ಲಿ ಏನೂ ಇಲ್ಲ. ಭಾರದ ಸಾರಜನಕ ಹಾಕಿದ ಅಮೋನಿಯಾದಲ್ಲೇ ಇತ್ತು. ನೈಟ್ರೇಟಿನಲ್ಲಿ ಕಂಡದ್ದು ಇದ್ದೂ ಇಲ್ಲದಷ್ಟು.

"ಅಷ್ಟ ದೂರ ಹೋಗಿ ತಿಪ್ಪಿ ಸಿಗಲಿಲ್ಲೇನ?" ಅಂದಳು ಕಸ್ತೂರೆವ್ವ. ಮುಂದೆ ಏನೋ ಅನ್ನಲು ಹೊರಟವಳು ಸೊಸೆಯ ಮುಖ ನೋಡಿ ಒಳಗೆದ್ದು ಹೋದಳು. ಆ ದಿನ ಚಹಾ ಮಾಡಿದವಳು ಅವಳೇ.

ತಡವಾದ ಬಾಟಲಿಗಳ ಸರದಿ ಇನ್ನೊಂದು ತಿಂಗಳಿಗೆ ಬಂತು. ಸುಕನ್ಯಾ ಫೋನು ಮಾಡಿದಾಗ ನೀಲಾ ಒಲೆಯ ಮುಂದಿದ್ದಳು.

"ನೀಲಾ, ಕುಂತೀಯೇನ ನಿಂತೀಯೇನ?"

"ನಿಂತೇನಿ."

"ಕುಂಡ್ರು. ನಿನ್ನ ತಡಾ ಆದ ಬಾಟಲ್ಯಾಗ ಐತಿ! ನೈಟ್ರೇಟಿನಾಗ ಭಾರದ್ದು ಛಲೋತ್ನಂಗ ಕಾಣಾಕತ್ತೈತಿ. ಕೊಂದ ಬಾಟಲ್ಯಾಗ ಏನೇನೂ ಇಲ್ಲ. ಅವು ಕೆಲಸ ಮಾಡ್ತಾವ ನೀಲಾ, ಭಾಳ ಸಾವಕಾಶ ಮಾಡ್ತಾವು. ನಿನ್ನ ಬಳಗದವು!"

ಹಾಲು ಉಕ್ಕಿ ಒಲೆ ಆರಿತು. ಶಶಿಕುಮಾರ ಓಡಿಬಂದು ನೋಡಿದರೆ ಹೆಂಡತಿ ಅಡಿಗೆಮನೆಯ ನೆಲದ ಮೇಲೆ ಕೂತು ನಗುತ್ತಿದ್ದಳು. ಅವನು ಅವಳ ಹಣೆ ಮುಟ್ಟಿ ಜ್ವರ ಇದೆಯೋ ಎಂದು ನೋಡಿದ.

ನಗು ಬಹಳ ದಿನ ನಡೆಯಲಿಲ್ಲ. ಇಬ್ಬರೂ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದ ಲೇಖನ ತಿರುಗಿ ಬಂತು. ಓದಿದ ಪಂಡಿತರ ಮಾತು ನೇರವಾಗಿತ್ತು: ಬಾಟಲಿಯಲ್ಲಿ ಅಷ್ಟು ದಿನ ಮುಚ್ಚಿಟ್ಟರೆ ನೀರಿನ ಸ್ವಭಾವವೇ ಬದಲಾಗಬಹುದು, ನಡುನಡುವೆ ತೆಗೆದು ನೋಡಿದ ಲೆಕ್ಕ ಎಲ್ಲಿ? ಅವರು ಹೇಳಿದ್ದು ಸರಿಯೆಂದು ನೀಲಾಗೆ ಓದಿದ ಕೂಡಲೇ ತಿಳಿಯಿತು. ಸಿಟ್ಟು ಮಾತ್ರ ಮೂರು ದಿನ ಇಳಿಯಲಿಲ್ಲ. ನಾಲ್ಕನೆಯ ದಿನ ಅವಳು ಗುಲ್ಜಾರಬಿಯ ಅಂಗಡಿಗೆ ಹೋದಳು. ಈ ಸಲ ಚೀಲಗಳು ಮೊದಲಿನ ಮೂರರಷ್ಟು.

"ಬಾಟಲಿ ಮನ್ಯಾಗ ಮದಿವಿ ಐತೇನ್ರಿ?" ಅಂದಳು ಗುಲ್ಜಾರಬಿ.

"ಮತ್ತ ಹೊಂಟಿ?" ಎಂದ ಶಶಿಕುಮಾರ. ಅವನ ದನಿಯಲ್ಲಿ ಈ ಸಲ ಚೇಷ್ಟೆ ಕಡಿಮೆಯಿತ್ತು. ಹಡಗು, ಬಿರುಗಾಳಿ ಎಲ್ಲವನ್ನೂ ಅವನು ಈಗ ಕೇಳಿ ತಿಳಿದಿದ್ದ.

ನೀಲಾ ಯೋಚಿಸಿ ಉತ್ತರ ಕೂಡಿಸುವಷ್ಟರಲ್ಲಿ ಒಳಗಿನಿಂದ ಕಸ್ತೂರೆವ್ವ ಅಂದಳು: "ಹೋಗಲಿ ಬಿಡೋ. ಇಲ್ಲೇ ಕುಂತ್ರ ಆಕಿ ಮೈ ಇಲ್ಲಿ, ಮನಸ್ಸು ಬಾಟಲ್ಯಾಗ. ಚಹಾಪುಡಿ ಯಾವ ಡಬ್ಬ್ಯಾಗ ಐತಿ ಅಂತ ಈಗರೆ ನೋಡಿಟ್ಟುಕೋ."

ಎರಡನೆಯ ಯಾನದಲ್ಲಿ ವಾಂತಿ ಅಷ್ಟೇ ಇತ್ತು, ರೊಟ್ಟಿ ಎರಡು ಪಟ್ಟು ಇತ್ತು. ನೀಲಾ ಒಂದೇ ನೀರನ್ನು ಹಲವು ಬಾಟಲಿಗಳಿಗೆ ತುಂಬಿ, ದಿನಕ್ಕೆ ಕೆಲವನ್ನಷ್ಟೇ ತೆರೆಯುತ್ತ ಹೋದಳು. ತೊಟ್ಟಿಯನ್ನು ಈ ಸಲ ಒಳಗಿನ ಖೋಲಿಗೇ ಸಾಗಿಸಿದ್ದರು. ಮರಳಿ ಬಂದ ಮೇಲೆ ಯಂತ್ರ ತೋರಿಸಿದ ಗೆರೆ ಮೊದಲ ದಿನ ನೆಲ ಬಿಟ್ಟು ಏಳಲಿಲ್ಲ. ಎರಡನೆಯ ದಿನವೂ ಅಷ್ಟಕ್ಕಷ್ಟೇ. ಆಮೇಲೆ ಬೆಟ್ಟ ಹತ್ತುವ ಮುದುಕಿಯಂತೆ, ನಿಂತು ನಿಂತು, ಏರುತ್ತಲೇ ಹೋಯಿತು. ಬೇಸಿಗೆಯ ಬಿಸಿಲಿನ ಕೆಳಗಿನ ಆ ಮಬ್ಬು ನೀರಿನಲ್ಲಿ ಈ ಕೆಲಸ ನಡೆಯುತ್ತಲೇ ಇರುತ್ತದೆ, ಒಂದು ದಿನ ಕಾದು ನೋಡಿದವರಿಗೆ ಕಾಣುವುದಿಲ್ಲ ಎಂದು ತಂಡದವರೆಲ್ಲ ಸೇರಿ ಬರೆದರು. ಈ ಸಲ ಪಂಡಿತರು ಒಪ್ಪಿದರು. ಲೇಖಕರ ಹೆಸರುಗಳ ಸಾಲಿನಲ್ಲಿ ನೀಲಾಳದು ನಡುವೆ ಎಲ್ಲೋ ಇತ್ತು.

ಕಾಲೇಜಿನಲ್ಲಿ ಸನ್ಮಾನವಾಯಿತು. ಸಮುದ್ರದಲ್ಲಿ ನೈಟ್ರೋಜನ್ ಕಂಡುಹಿಡಿದವರು ನಮ್ಮ ನೀಲಾ ಮೇಡಂ, ಎಂದು ಪ್ರಾಚಾರ್ಯರು ಘೋಷಿಸಿದರು. ಬೇರೆಯವರಾದರೆ ಹೊದಿಸಿದ ಶಾಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ನೀಲಾ ವೇದಿಕೆಯ ಮೇಲೆಯೇ ಅದನ್ನು ಕಿವಿಯ ತನಕ ಹೊದ್ದು ಕುಳಿತಳು.

ಕಳೆದ ತಿಂಗಳು ಮೊಣಕಾಲು ತೋರಿಸಲು ಕಸ್ತೂರೆವ್ವನನ್ನು ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು ನೀಲಾ. ಚೀಟಿ ಮಾಡಿಸಿ ಬರುವಷ್ಟರಲ್ಲಿ ಅತ್ತೆಯ ಸುತ್ತ ನಾಲ್ಕಾರು ಮಂದಿ ಕೂಡಿದ್ದರು.

"ಹುಳಾ ಅಂದ್ರ ಹುಳಾ ಅಲ್ಲ. ಕಣ್ಣಿಗೆ ಕಾಣೂದಿಲ್ಲ," ಎಂದು ಕಸ್ತೂರೆವ್ವ ಪಕ್ಕದ ಮುರಿಗೆವ್ವ ಎಂಬ ಮುದುಕಿಗೆ ಹೇಳುತ್ತಿದ್ದಳು. "ತಿಮಿಂಗಲದ ಹೊಲಸ ತಿಂದು ಗೊಬ್ಬರಾ ಮಾಡ್ತಾವು. ಬೆಳಕು ಬಿದ್ರ ಬಂದ್. ಅದಕ್ಕ ಅವಕ್ಕೆಲ್ಲ ಪೆಟಿಕೋಟ್ ತೊಡಿಸ್ಯಾಳ ನಮ್ಮಾಕಿ."

"ಹುಳಕ್ಕ?" ಮುರಿಗೆವ್ವ ಗಲ್ಲದ ಮೇಲೆ ಕೈ ಇಟ್ಟುಕೊಂಡಳು.

"ಅತ್ತೀ, ಹುಳಕ್ಕಲ್ರಿ, ಬಾಟಲಿಗೆ…" ಎಂದು ನೀಲಾ ಬಾಯಿ ಹಾಕಿದಳು.

"ನೀ ಸುಮ್ಮನಿರ. ನೀ ಹೇಳಿ ಮುಗಿಸೂದ್ರಾಗ ಡಾಕ್ಟರು ಮನಿಗೆ ಹೊಕ್ಕಾರ," ಅಂದು ಕಸ್ತೂರೆವ್ವ ನೋವಿನ ಕಾಲನ್ನು ಬೆಂಚಿನ ಮೇಲೆ ಚಾಚಿ, ಬಿರುಗಾಳಿಯ ಕಥೆಗೆ ಕೈ ಹಾಕಿದಳು.