ಮೂರನೇ ಮಹಡಿಯ ಬಾಗಿಲು

ಆ ಹೆಂಗಸಿಗೆ ಮುಖ ಇರಲಿಲ್ಲ. ಬೂದು ಬಣ್ಣದ ಮೈ. ಕೈಯಲ್ಲಿ ಒಂದು ಮಗುವಿನ ಕೈ. ಅದಕ್ಕೂ ಮುಖ ಇಲ್ಲ. ಇಬ್ಬರೂ ಒಂದು ಗಾಜಿನ ಬಾಗಿಲ ಕಡೆ ಹೆಜ್ಜೆ ಎತ್ತಿ ನಿಂತಿದ್ದರು.

ಹೆದರಬೇಡಿ. ಇದು ಮಂಗಳವಾರ ಮಧ್ಯಾಹ್ನ, ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ, ಸೊಸೆ ಸುಮಾಳ ಕಂಪ್ಯೂಟರಿನೊಳಗೆ ಕಂಡದ್ದು. (ನಾನು ಹೆದರಿದ್ದೆ. ಅದು ಬೇರೆ ಮಾತು.)

ಸುಮಾ ಮನೆಯಲ್ಲೇ ಕೂತು ಹುಬ್ಬಳ್ಳಿಯ ಆಫೀಸೊಂದಕ್ಕೆ ಕಟ್ಟಡಗಳ ಡ್ರಾಯಿಂಗ್ ಮಾಡುತ್ತಾಳೆ. ಈಗ ಒಂದು ಮಕ್ಕಳ ಆಸ್ಪತ್ರೆ. ವಾರದಿಂದ ಫೋನಿನಲ್ಲಿ ಒಂದೇ ಜಪ: ಕರ್ಟನ್ ವಾಲ್, ಕರ್ಟನ್ ವಾಲ್. ನಾನೇನು ತಿಳಿಯಬೇಕು? ಸೊಸೆ ಕರ್ಟನ್ ವ್ಯಾಪಾರ ಶುರು ಮಾಡಿದಳು ಅಂತ ಪಕ್ಕದ ಮನೆಯ ಗಂಗಕ್ಕನಿಗೆ ಹೇಳಿಬಿಟ್ಟೆ. ಆಕೆ ಕಿಟಕಿ ಅಳತೆ ಹಿಡಿದುಕೊಂಡೇ ಬಂದಳು!

"ಅಯ್ಯ ಅತ್ತೀ, ಅದು ಬಟ್ಟಿ ಪರದೆ ಅಲ್ರಿ! ಗಾಜಿನ ಗ್ವಾಡಿ. ಕಟ್ಟಡದ ಭಾರ ಹೊರಂಗಿಲ್ಲ, ಮುಂದ ಪರದೆ ಹಂಗ ಇಳಿಬಿಟ್ಟಿರ್ತಾರ."

"ಭಾರ ಹೊರದಿದ್ರ ಅದೆಂಥಾ ಗ್ವಾಡೀನವಾ?" ಅಂದಳು ಗಂಗಕ್ಕ. "ಬದಾಮಿ ಗುಡ್ಡದ ಕಲ್ಲು ಕೇಳಿದ್ರ ನಕ್ಕಾವು."

ಅವತ್ತು ಸುಮಾಳ ಕೆಲಸ, ಡ್ರಾಯಿಂಗಿನ ಪ್ರತಿ ಗಾಜಿಗೂ ಪ್ರತಿ ಬಾಗಿಲಿಗೂ ನಂಬರ್ ಹಾಕಿ ಸಂಜೆಯೊಳಗೆ ಕಳಿಸುವುದು. ಅದರ ಪ್ರಕಾರವೇ ಗಾಜು ಕತ್ತರಿಸುತ್ತಾರಂತೆ, ಬಾಗಿಲು ಕೂಡಿಸುತ್ತಾರಂತೆ. ಸಾಫ್ಟ್‌ವೇರ್ ತಾನೇ ನಂಬರ್ ಬರೆದುಕೊಳ್ಳುತ್ತದೆ. ಚಹಾ ಕೊಡಲು ಹೋದಾಗ ನಾನು ಆ ಹೆಂಗಸನ್ನು ನೋಡಿದ್ದು.

"ಯಾರವಾ ಇಕಿ?"

"ಯಾರೂ ಅಲ್ರಿ. ಬಾಗಲಾ ಎಷ್ಟ ಎತ್ತರ ಐತಿ ಅಂತ ಗೊತ್ತಾಗ್ಲಿ ಅಂತ ಗೊಂಬಿ ಇಡ್ತೀವಿ."

ನನಗೊಂದು ಚಾಳಿ ಇದೆ. ಯಾರ ಮನೆಗೆ ಹೋದರೂ ಮೊದಲು ಹೊಸ್ತಿಲು ನೋಡುವವಳು ನಾನು. ಬೆಳಗಾದರೆ ಅದನ್ನು ತೊಳೆದು, ಅರಿಶಿನ ಹಚ್ಚಿ, ಕುಂಕುಮವಿಟ್ಟು, ಬನಶಂಕರಿ ತಾಯಿಗೆ ಕೈಮುಗಿಯದೆ ಚಹಾ ಇಳಿಯುವುದಿಲ್ಲ.

"ಇದಕ್ಕ ಹೊಸ್ತಿಲ ಎಲ್ಲೈತಿ?"

"ಗಾಜಿನ ಬಾಗಲಕ್ಕ ಹೊಸ್ತಿಲ ಇರಂಗಿಲ್ರಿ."

"ಆತು, ಆಚಿ ಕಡೆ ಏನೈತಿ ತೋರ್ಸು."

ಸುಮಾ ಮೌಸ್ ಎಳೆದಳು. ಅಷ್ಟು ದೊಡ್ಡ ಆಸ್ಪತ್ರೆ ಒಂಚೂರೂ ಸದ್ದಿಲ್ಲದೆ ತಿರುಗಿತು. ಹೊರಗಿನಿಂದ ಅದೇ ಬಾಗಿಲು. ಹಿಡಿಕೆ ಇತ್ತು. ಮೇಲೆ ನಂಬರ್ ಇತ್ತು. ಕೆಳಗೆ ಏನೂ ಇರಲಿಲ್ಲ.

ಮೂರನೇ ಮಹಡಿ.

ಸುಮಾಳ ಕೈ ನಿಂತಿತು. "ಇಲ್ಲಿ ಬಾಲ್ಕನಿ ಇತ್ರಿ ಅತ್ತೀ. ಹೋದ ವಾರ ಬ್ಯಾಡ ಅಂತ ತಗಿಸಿದ್ರು. ಬಾಗಲಾ ತಗ್ಯೂದು ಉಳದೈತಿ."

"ಒಳಗ ಏನೈತಿ?"

"ಹುಡುಗೂರು ಆಡೂ ಖೋಲಿ."

ಫ್ಯಾನ್ ತಿರುಗುತ್ತಲೇ ಇತ್ತು. ನಾನು ಚಹಾದ ಲೋಟ ಕೆಳಗಿಟ್ಟೆ.

"ಸೈಟಿನಾಗ ಯಾರರ ನೋಡತಿದ್ರು ಬಿಡ್ರಿ," ಅಂದಳು.

"ನೋಡದಿದ್ರ?"

ನನಗೆ ನೆನಪಾದದ್ದು ಹಳೆ ಬಾಗಲಕೋಟೆಯ ನಮ್ಮ ತವರುಮನೆ. ಅಣೆಕಟ್ಟಿನ ಹಿನ್ನೀರು ಏರಿ ಊರು ಬಿಟ್ಟ ವರ್ಷ, ಸಾಮಾನು ಸಾಗಿಸುವ ದಿನ, ಅವ್ವ ರೂಢಿಯಂತೆ ಹಿತ್ತಲ ಬಾಗಿಲು ತೆಗೆದು ಕಾಲು ಎತ್ತಿದಳು. ಆಚೆ ಹಿತ್ತಲು ಇರಲಿಲ್ಲ. ನೀರು, ಕರ್ರಗೆ, ಅಲುಗಾಡದೆ ನಿಂತಿತ್ತು. ನಾನು ಅವಳ ಸೆರಗು ಹಿಡಿದು ಎಳೆದುಕೊಂಡೆ. ಹೊಸ್ತಿಲ ಮೇಲೆ ಅವಳೇ ಬೆಳಗ್ಗೆ ಇಟ್ಟ ಕುಂಕುಮ ಇನ್ನೂ ಹಸಿಯಾಗಿತ್ತು.

ಸುಮಾ ಆಫೀಸಿಗೆ ಫೋನ್ ಮಾಡಿ ಹೇಳಿದಳು. ಬಾಗಿಲು ತೆಗೆದು ಆ ಜಾಗಕ್ಕೆ ಗಾಜು ಕೂಡಿಸಿದಳು. ನಂಬರ್ ಬದಲಾಯಿತು. ಡ್ರಾಯಿಂಗ್ ಆಫೀಸಿಗೆ ಹೋಯಿತು. ಬನಶಂಕರಿ ತಾಯಿ ದೊಡ್ಡವಳು ಅಂದುಕೊಂಡು ನಾನು ಲೋಟ ಎತ್ತಿಕೊಂಡೆ.

ಅಷ್ಟರಲ್ಲಿ ಸುಮಾ ಮೆಲ್ಲಗೆ ಅಂದಳು: "ಅತ್ತೀ, ಆ ಹೆಣ್ಮಗಳನ್ನ ನಾನ ಇಟ್ಟಿದ್ದೆ. ಕೂಸಿನ್ನ ನಾ ಇಟ್ಟಿಲ್ರಿ."

ಆಫೀಸಿನಲ್ಲಿ ಯಾರಾದರೂ ಇಟ್ಟಿರಬೇಕು. ಕೇಳಿದಳು. ಯಾರೂ ಹೂಂ ಅನ್ನಲಿಲ್ಲ. ಅಳಿಸಲು ಅವಳಿಗೂ ಮನಸ್ಸು ಬರಲಿಲ್ಲ. ಈಗ ಇಬ್ಬರೂ ಗಾಜಿನ ಮುಂದೆ ಹಾಗೇ ನಿಂತಿದ್ದಾರೆ.

ದೇವರು ಕೊಟ್ಟದ್ದನ್ನು ದಿನಾ ಎಣಿಸುತ್ತೇನೆ: ಅನ್ನ, ಆರೋಗ್ಯ, ನಲ್ಲಿ ನೀರು. ಇದೊಂದನ್ನು ಎಣಿಸಿಯೇ ಇರಲಿಲ್ಲ. ನಿನ್ನೆ ಬೆಳಗ್ಗೆ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದವಳು ಕೈ ಆಚೆ ಚಾಚಿ ಮುಟ್ಟಿ ನೋಡಿದೆ. ನೆಲ ಇತ್ತು.

ನಿಮ್ಮ ಹೊಸ್ತಿಲಾಚೆ ನೀವು ನೋಡಿದಿರಾ?